ಐದು ಎಚ್.ಪಿ. ಮೋಟಾರಿಗೆ ಐದು ಕೆವಿಎ ಸಾಲದೇ ಹೋದ ಕಥೆ

ಏಪ್ರಿಲ್ ಕೊನೆಯ ವಾರ. ಗಾಳಿ ಬಂತು, ಮಳೆ ಬರಲಿಲ್ಲ. ನಾಲ್ಕು ಹನಿ ಉದುರಿಸಿ, ಲೈನಿನ ಮೇಲೆ ಒಂದು ದೊಡ್ಡ ಮತ್ತಿ ಮರ ಕೆಡವಿ, ಎರಡು ಕಂಬ ಮುರಿದು ಗಾಳಿ ತನ್ನ ಪಾಡಿಗೆ ಘಟ್ಟ ಹತ್ತಿ ಹೋಯಿತು. ಸಾಗರ ತಾಲ್ಲೂಕಿನ ಒಳಗಿನ ಊರಿನವರಿಗೆ ಇದು ಹೊಸದೇನಲ್ಲ. ಆದರೆ ಈ ಸಲ ತೋಟ ಬಾಡಿ ನಿಂತಿತ್ತು. ಹಳ್ಳದ ಗುಂಡಿಯಲ್ಲಿ ನೀರಿದೆ, ಪಂಪ್‌ಹೌಸಿನಲ್ಲಿ 5 ಎಚ್.ಪಿ. (ಅಶ್ವಶಕ್ತಿ) ಮೋಟಾರ್ ಇದೆ, ಕರೆಂಟ್ ಒಂದಿಲ್ಲ. ದಿನಾ ಸಂಜೆ ಅಪ್ಪಯ್ಯ ತೋಟಕ್ಕೆ ಹೋಗಿ ಸೋಗೆ ನೋಡಿ ಬಂದು, ಏನೂ ಮಾತಾಡದೆ ಜಗಲಿಯಲ್ಲಿ ಕೂರುತ್ತಿದ್ದರು. ಬೈದಿದ್ದರೆ ಪರವಾಗಿರಲಿಲ್ಲ. ಮೂರನೇ ದಿನ ನಾನು ಪೇಟೆಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಜನರೇಟರ್ ತಂದೆ. ಡೀಸೆಲ್, ತ್ರೀ ಫೇಸ್, 5 ಕೆವಿಎ.

ಲೆಕ್ಕ ಹಾಕದೆ ತಂದೆ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ನಿಂತೇ ಫೋನ್ ತೆಗೆದು ನೋಡಿದ್ದೆ. 1 ಎಚ್.ಪಿ. ಅಂದರೆ 746 ವ್ಯಾಟ್. ಐದಕ್ಕೆ 3,730 ವ್ಯಾಟ್, ಅಂದರೆ 3.73 ಕಿಲೋವ್ಯಾಟ್. ಜನರೇಟರಿನ ಮೇಲೆ 5 ಅಂತ ಬರೆದಿದೆ. ಒಂದೂಕಾಲು ಉಳಿಯುತ್ತೆ, ಮನೆಯ ಫ್ರಿಜ್ಜೂ ಓಡುತ್ತೆ ಅಂತ ಒಳಗೊಳಗೇ ಖುಷಿ. ಅಂಗಡಿಯವರೂ "ಧಾರಾಳ ಆಯ್ತು" ಅಂದರು. ಮಾರುವವರ ಬಾಯಲ್ಲಿ ಬೇರೆ ಎಂತ ಬರುತ್ತೆ?

ಪಿಕಪ್‌ನಲ್ಲಿ ಹಾಕಿಸಿ ತಂದು, ನಾಲ್ಕು ಜನ ಸೇರಿ ದರೆ ಇಳಿಸಿ, ವೈರ್ ಕೊಟ್ಟು, ಸ್ಟಾರ್ಟರಿನ ಹಸಿರು ಬಟನ್ ಒತ್ತಿದೆ. ಮೋಟಾರ್ "ಗುಂಯ್" ಅಂದಿತು. ತಿರುಗಲಿಲ್ಲ. ಜನರೇಟರ್ ಮುದಿ ದನದ ಹಾಗೆ ಎರಡು ಸಲ ಕೆಮ್ಮಿ, ಕರಿ ಹೊಗೆ ಉಗುಳಿ ನಿಂತೇ ಹೋಯಿತು. ಮತ್ತೊಮ್ಮೆ ಒತ್ತಿದೆ. ಮತ್ತೂ ಒಮ್ಮೆ. ನಾಲ್ಕನೇ ಸಲಕ್ಕೆ ಅಪ್ಪಯ್ಯ, "ಸಾಕು ಬಿಡು, ಇದ್ದ ಮೋಟಾರೂ ಸುಟ್ಟೀತು" ಅಂದರು.

ಮಾರನೇ ದಿನ ಬೆಳಿಗ್ಗೆ, ನಮ್ಮ ಕಡೆ ಮೋಟಾರ್ ರಿವೈಂಡಿಂಗ್ ಮಾಡುವ ಅಣ್ಣ ಬಂದ. ಮೋಟಾರಿನ ಪ್ಲೇಟನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದ, ಜನರೇಟರಿನ ಪ್ಲೇಟ್ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಎಂತ ಮಾರಾಯ, ಓದಿದವನು ನೀನು. ಐದಕ್ಕೆ ಐದು ಅಂತ ತಂದ್ಯಾ? ಇದು ಎಚ್.ಪಿ., ಅದು ಕೆವಿಎ."

"ಇಲ್ಲ ಅಣ್ಣ, ಕಿಲೋವ್ಯಾಟಿಗೆ ತಿರುಗಿಸಿಯೇ ನೋಡಿದ್ದೆ" ಅಂದೆ.

"ತಿರುಗಿಸಿದ್ದು ಸರಿ. ಎಲ್ಲಿಂದ ಎಲ್ಲಿಗೆ ತಿರುಗಿಸಿದೆ?"

ಆ ಹೊತ್ತಿಗೆ ಈ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಈಗ ಅನಿಸುತ್ತೆ, ಕರೆಂಟಿನ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನನ್ನ ಗುಣಾಕಾರ ಸರಿಯಾಗಿಯೇ ಇತ್ತು. ಆ ಸಂಖ್ಯೆ ಮೋಟಾರಿನ ಯಾವ ತುದಿಯಲ್ಲಿ ಅಳೆದದ್ದು ಅಂತ ನಾನು ಕೇಳಿರಲಿಲ್ಲ.

ನೋಡಿ, ಮೋಟಾರಿನ ಪ್ಲೇಟಿನ ಮೇಲೆ "3.7 ಕಿ.ವ್ಯಾ. / 5 ಎಚ್.ಪಿ." ಅಂತ ಇರುತ್ತೆ. ಇದು ಮೋಟಾರಿನ ಶಾಫ್ಟಿನಲ್ಲಿ, ಪಂಪಿಗೆ ಸಿಗುವ ಶಕ್ತಿ. ಅದು ಒಳಗೆ ಎಳೆದುಕೊಳ್ಳುವ ಕರೆಂಟು ಇದಕ್ಕಿಂತ ಜಾಸ್ತಿ, ಯಾಕೆಂದರೆ ಮೋಟಾರ್ ಬಿಸಿಯಾಗುತ್ತೆ, ಬೇರಿಂಗ್ ತಿಕ್ಕುತ್ತೆ, ಫ್ಯಾನ್ ತಿರುಗುತ್ತೆ. ನೂರು ಕೊಟ್ಟರೆ ಎಂಬತ್ತೈದು ವಾಪಸ್ ಅಂತ ಹಿಡಿಯಿರಿ. ಅಂದರೆ 3.73 ಹೊರಗೆ ಬರಬೇಕಾದರೆ ಸುಮಾರು 4.4 ಕಿಲೋವ್ಯಾಟ್ ಒಳಗೆ ಹೋಗಬೇಕು. ಇನ್ನು ಕೆವಿಎ. ಅದು ಕಿಲೋ-ವೋಲ್ಟ್-ಆಂಪಿಯರ್, ವೋಲ್ಟನ್ನೂ ಆಂಪಿಯರನ್ನೂ ಸುಮ್ನೆ ಗುಣಿಸಿ (ತ್ರೀ ಫೇಸ್ ಆದರೆ ಮತ್ತೆ 1.73ರಿಂದ ಗುಣಿಸಿ) ಸಾವಿರದಿಂದ ಭಾಗಿಸಿದ್ದು. ಮೋಟಾರಿನ ಸುರುಳಿ ಕಾಂತಕ್ಕೋಸ್ಕರ ಸ್ವಲ್ಪ ಕರೆಂಟನ್ನು ತೆಗೆದುಕೊಂಡು ವಾಪಸ್ ಕೊಡುತ್ತಲೇ ಇರುತ್ತೆ. ಅದರಿಂದ ಕೆಲಸ ಆಗಲ್ಲ, ಆದರೆ ವೈರಿನಲ್ಲೂ ಜನರೇಟರಿನಲ್ಲೂ ಅದು ಓಡಾಡಲೇಬೇಕು. ಒಟ್ಟು ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲಿಗೆ ಪವರ್ ಫ್ಯಾಕ್ಟರ್ ಅಂತಾರೆ. 0.8 ಅಂತ ಹಿಡಿದರೆ 4.4 ಕಿಲೋವ್ಯಾಟಿಗೆ 5.5 ಕೆವಿಎ ಬೇಕು. ನನ್ನ ಹತ್ತಿರ ಇದ್ದದ್ದು 5. ಫ್ರಿಜ್ಜು ಅಂತೆ!

ಇದು ಮೋಟಾರ್ ಓಡುತ್ತಿರುವಾಗಿನ ಲೆಕ್ಕ. ನಿಂತ ಮೋಟಾರು ತಿರುಗಲು ಶುರು ಮಾಡುವಾಗ ಆರು ಪಟ್ಟು ಕರೆಂಟ್ ಎಳೆಯುತ್ತೆ. ಅಣ್ಣ ಜನರೇಟರಿನ ಪೆಟ್ಟಿಗೆಯ ಮೇಲೆ ಕೂತಿದ್ದ ಧೂಳಿನಲ್ಲೇ ಬೆರಳಿನಿಂದ ಬರೆದು ತೋರಿಸಿದ. 415 ವೋಲ್ಟಿನಲ್ಲಿ ಈ ಜನರೇಟರ್ ಕೊಡಬಲ್ಲದ್ದು ಫೇಸಿಗೆ 7 ಆಂಪಿಯರ್. ನಮ್ಮ ಮೋಟಾರ್ ಆರಾಮಾಗಿ ಓಡುವಾಗಲೇ ಏಳೂವರೆ ಕೇಳುತ್ತೆ. ಎದ್ದು ನಿಲ್ಲುವಾಗ 45. ಮೋಟಾರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಅದು ಮೂರರಲ್ಲೊಂದು ಪಾಲಿಗೆ ಇಳಿದು 15 ಆಗುತ್ತೆ. ಆಗಲೂ ಜನರೇಟರ್ ಕೊಡಬಲ್ಲದ್ದರ ಎರಡು ಪಟ್ಟು. "ಮೋಟಾರಿನ ಎಚ್.ಪಿ.ಯ ಮೂರು ಪಟ್ಟು ಕೆವಿಎ ಹಿಡಿ, ತಲೆನೋವಿಲ್ಲ" ಅಂದ. ಅಂದರೆ 15 ಕೆವಿಎ. ಪುಸ್ತಕದ ಸೂತ್ರ ಅಲ್ಲ ಇದು, ಸುಟ್ಟ ಮೋಟಾರುಗಳನ್ನು ಬಿಚ್ಚಿ ಬಿಚ್ಚಿ ಬಂದ ಸೂತ್ರ. ನಾನು ಇದನ್ನೇ ನಂಬುತ್ತೇನೆ.

ಜನರೇಟರ್ ಒಂದು ಮೂಲೆ ಸೇರಿತು. ನನಗೆ ಮಾತ್ರ ಹುಚ್ಚು ಹಿಡಿಯಿತು. ಮನೆಯಲ್ಲಿರುವ ಎಲ್ಲ ವಸ್ತುಗಳ ಪ್ಲೇಟ್ ಓದುವ ಹುಚ್ಚು. ಮಿಕ್ಸಿ 750 ವ್ಯಾಟ್. ಇನ್ವರ್ಟರ್ 900 ವಿಎ. ಅಡಿಕೆ ಸುಲಿಯುವ ಮೆಷಿನ್ನಿನ ಮೋಟಾರ್ 1 ಎಚ್.ಪಿ. ಬೈಕಿನ ಪುಸ್ತಕದಲ್ಲಿ ಪಿ.ಎಸ್. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಂಗತಿಯನ್ನು ಹೇಳುತ್ತಿವೆ, ಇಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಅಂತ. ಆದರೆ ಒಂದೊಂದೂ ಒಂದೊಂದು ಭಾಷೆಯಲ್ಲಿ.

ಎಚ್.ಪಿ.ಯ ಮೂಲಕ್ಕೆ ಹೋದರೆ ನಮ್ಮ ಆಲೆಮನೆಯ ನೆನಪಾಗುತ್ತೆ. ಹಿಂದೆ ಕಬ್ಬಿನ ಗಾಣಕ್ಕೆ ಕೋಣ ಕಟ್ಟಿ ಸುತ್ತಿಸುತ್ತಿದ್ದರಲ್ಲ, ಹಾಗೆಯೇ ಇಂಗ್ಲೆಂಡಿನಲ್ಲಿ ಕುದುರೆ ಕಟ್ಟಿ ಗಿರಣಿ ಸುತ್ತಿಸುತ್ತಿದ್ದರು. ಜೇಮ್ಸ್ ವ್ಯಾಟ್ ತನ್ನ ಸ್ಟೀಮ್ ಇಂಜಿನ್ ಮಾರಬೇಕಿತ್ತು. ಕೊಳ್ಳುವವರು ಕೇಳುತ್ತಿದ್ದದ್ದು ಒಂದೇ: ಇದು ನನ್ನ ಎಷ್ಟು ಕುದುರೆಗೆ ಸಮ? ವ್ಯಾಟ್ ಲೆಕ್ಕ ಹಾಕಿದ. 12 ಅಡಿ ತ್ರಿಜ್ಯದ ಸುತ್ತಿನಲ್ಲಿ ಕುದುರೆ ಗಂಟೆಗೆ 144 ಸುತ್ತು ಬರುತ್ತೆ, 180 ಪೌಂಡ್ ಬಲದಿಂದ ಎಳೆಯುತ್ತೆ. ಗುಣಿಸಿ, ಮೇಲಕ್ಕೆ ದುಂಡಗೆ ಮಾಡಿ, ನಿಮಿಷಕ್ಕೆ 33,000 ಅಡಿ-ಪೌಂಡ್ ಅಂತ ನಿಲ್ಲಿಸಿದ. ಅದೇ ಇವತ್ತಿನ 745.7 ವ್ಯಾಟ್, ನಾವು 746 ಅಂತೀವಿ. ನಿಜವಾದ ಕುದುರೆ ಇಡೀ ದಿನ ಇಷ್ಟು ಎಳೆಯುವುದು ಕಷ್ಟ. ವ್ಯಾಟ್‌ನ ಕುದುರೆ ಸ್ವಲ್ಪ ಜಾಸ್ತಿಯೇ ಗಟ್ಟಿ. ನಮ್ಮ ಕೃಷಿ ಪಾಠಗಳಲ್ಲಿ ಒಂದು ಎತ್ತಿಗೆ ಅರ್ಧದಿಂದ ಮುಕ್ಕಾಲು ಎಚ್.ಪಿ., ಮನುಷ್ಯನಿಗೆ ಹತ್ತರಲ್ಲೊಂದು ಅಂತ ಹೇಳುತ್ತಾರೆ. ಜೋಡೆತ್ತು ಕಟ್ಟಿದರೆ ಒಂದು ಎಚ್.ಪಿ. ದಾಟಿತು ಅಂತ ಲೆಕ್ಕ. ಹಾಗೆ ನೋಡಿದರೆ ಹನ್ನೆರಡು ಎಚ್.ಪಿ.ಯ ಒಂದು ಟಿಲ್ಲರ್ ಅಂದರೆ ಗದ್ದೆ ತುಂಬಾ ಜೋಡೆತ್ತು!

ಇದಕ್ಕೇ ಇನ್ನೊಬ್ಬ ದಾಯಾದಿ ಇದ್ದಾನೆ, ಮೆಟ್ರಿಕ್ ಎಚ್.ಪಿ. ಜರ್ಮನ್ನರು ಪಿ.ಎಸ್. ಅನ್ನುತ್ತಾರೆ, ಬೈಕ್ ಕಾರಿನ ಪುಸ್ತಕಗಳಲ್ಲಿ ಕಾಣುವುದು ಇದೇ. ಇದು 735.5 ವ್ಯಾಟ್. ನೂರಕ್ಕೆ ಒಂದೂವರೆಯಷ್ಟು ಚಿಕ್ಕದು. ಹಾಗಾಗಿ ಅದೇ ಇಂಜಿನ್ನಿಗೆ ಪಿ.ಎಸ್.ನಲ್ಲಿ ಬರೆದರೆ ಸಂಖ್ಯೆ ಒಂದು ಚೂರು ದೊಡ್ಡದು ಕಾಣುತ್ತೆ. ನನ್ನ ನೂರು ಸಿಸಿ ಬೈಕು 5.9 ಕಿಲೋವ್ಯಾಟ್. ಪಿ.ಎಸ್.ನಲ್ಲಿ 8.02, ವ್ಯಾಟ್‌ನ ಎಚ್.ಪಿ.ಯಲ್ಲಿ 7.91. ಜಾಹೀರಾತಿನವರು ಎಂಟು ದಾಟಿದ್ದನ್ನೇ ಬರೆಯುತ್ತಾರೆ, ಅಲ್ವಾ? ವ್ಯಾಪಾರ ಬಿಡಿ, ನೀರೆತ್ತುವವರಿಗೆ ನಿಜವಾಗಿ ಉಪಯೋಗದ ಅಳತೆ ಇದೇ. ಯಾಕೆ ಅಂದರೆ ಇದರ ಅರ್ಥ ಇಷ್ಟೇ: 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತುವುದು. 75 ಕಿಲೋ ಅಂದರೆ 75 ಲೀಟರ್ ನೀರು. ನಮ್ಮ ಮನೆಯ ಕೊಡಪಾನದಲ್ಲಿ 15 ಲೀಟರ್ ಹಿಡಿಯುತ್ತೆ. ಅಂದರೆ ಐದು ಕೊಡ ನೀರನ್ನು "ಒಂದು" ಅನ್ನುವಷ್ಟರಲ್ಲಿ ಸೊಂಟದೆತ್ತರಕ್ಕೆ ಎತ್ತಿದರೆ ಅದು ಒಂದು ಎಚ್.ಪಿ. ಇನ್ನು ಮುಂದೆ ಯಾರಾದರೂ ಎಚ್.ಪಿ. ಅಂದರೆ ನನಗೆ ಕುದುರೆ ಕಾಣಲ್ಲ, ಐದು ತಾಮ್ರದ ಕೊಡ ಕಾಣುತ್ತೆ.

ಇಷ್ಟಾದ ಮೇಲೆ ಸುಮ್ನೆ ಇರೋಕಾಗುತ್ತಾ? ಅಮ್ಮ ಬಾವಿಯಿಂದ ನೀರು ಸೇದುವುದನ್ನು ಫೋನಿನ ಗಡಿಯಾರ ಹಿಡಿದು ಅಳೆದೆ. ಕರೆಂಟ್ ಇಲ್ಲದ ಆ ವಾರ ಬಾವಿಯ ರಾಟೆಗೆ ಮತ್ತೆ ಜೀವ ಬಂದಿತ್ತು. ಬಾವಿಯ ನೀರು ಕಟ್ಟೆಯಿಂದ 8 ಮೀಟರ್ ಕೆಳಗೆ. ಕೊಡ ತುಂಬಿ ಮುಳುಗಿದಾಗ "ಗುಳುಕ್" ಅನ್ನುತ್ತಲ್ಲ, ಅಲ್ಲಿಂದ ಕೊಡ ಕಟ್ಟೆಗೆ ಬರುವ ತನಕ 20 ಸೆಕೆಂಡ್. 15 ಕಿಲೋ, 8 ಮೀಟರ್, 20 ಸೆಕೆಂಡ್. 15ನ್ನು 8ರಿಂದ ಗುಣಿಸಿ, 9.81ರಿಂದ ಗುಣಿಸಿ, 20ರಿಂದ ಭಾಗಿಸಿದರೆ 59 ವ್ಯಾಟ್. ಹಳೇ ಕಾಲದ ಅರವತ್ತರ ಬಲ್ಬು! ಬಚ್ಚಲಲ್ಲಿ ಹಳದಿ ಬೆಳಕು ಬೀರುತ್ತಾ ನೇತಾಡುತ್ತಿತ್ತಲ್ಲ, ಅದು. "ಅಮ್ಮಾ, ನೀನು ಒಂದು ಬಲ್ಬು" ಅಂದೆ. "ಹೌದಪ್ಪ, ನೀನು ಕೂತು ನೋಡು, ಈ ಬಲ್ಬು ನಾಲ್ಕು ಹಂಡೆ ತುಂಬಿಸಲಿ" ಅಂದರು. ಫೋನ್ ಜೇಬಿಗೆ ಹಾಕಿ ಹಗ್ಗ ಹಿಡಿದೆ. ನಾನು 14 ಸೆಕೆಂಡಿನಲ್ಲಿ ಎಳೆದೆ, 84 ವ್ಯಾಟ್. ಆರನೇ ಕೊಡಕ್ಕೆ ಕೈ ಉರಿದು ಅಮ್ಮನಿಗಿಂತ ಕೆಳಗೆ ಬಂದೆ. ನಮ್ಮ 5 ಎಚ್.ಪಿ. ಮೋಟಾರಿನ ಕೆಲಸಕ್ಕೆ ಅಮ್ಮನಂಥವರು 63 ಜನ ಸಾಲಾಗಿ ನಿಲ್ಲಬೇಕು.

ಇಲ್ಲಿ ಒಂದು ಗೊಂದಲ ಹೇಳಲೇಬೇಕು, ಯಾಕೆಂದರೆ ಓದಿದವರೂ ಎಡವುವುದು ಇಲ್ಲೇ. ಕಿಲೋವ್ಯಾಟ್ ಬೇರೆ, ಬಿಲ್ಲಿನ ಯುನಿಟ್ ಬೇರೆ. ಕಿಲೋವ್ಯಾಟ್ ಅಂದರೆ ನಲ್ಲಿ ಎಷ್ಟು ಜೋರಾಗಿ ಬಿಟ್ಟಿದೆ ಅನ್ನುವುದು. ಯುನಿಟ್ ಅಂದರೆ ಹಂಡೆಯಲ್ಲಿ ಎಷ್ಟು ತುಂಬಿತು ಅನ್ನುವುದು. ಒಂದು ಕಿಲೋವ್ಯಾಟನ್ನು ಒಂದು ಗಂಟೆ ಓಡಿಸಿದರೆ ಒಂದು ಯುನಿಟ್. ಇವನ್ನು ಒಂದರಿಂದ ಒಂದಕ್ಕೆ ಸೀದಾ ತಿರುಗಿಸೋಕೆ ಬರಲ್ಲ, ನಡುವೆ ಗಡಿಯಾರ ಬೇಕು. 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯುನಿಟ್ ತನಕ ಉಚಿತ ಅಂತಾಯಿತಲ್ಲ, ಅದನ್ನು ತಿಂಗಳ 720 ಗಂಟೆಗೆ ಹಂಚಿದರೆ 278 ವ್ಯಾಟ್. ಅಂದರೆ ಹಗಲೂ ರಾತ್ರಿ ನಿಲ್ಲದೆ ಅಮ್ಮನಂಥವರು ಹತ್ತಿರ ಹತ್ತಿರ ಐದು ಜನ ನೀರು ಸೇದಿದಷ್ಟು. ಅದೇ 200 ಯುನಿಟ್ಟನ್ನು ನಮ್ಮ ತೋಟದ ಮೋಟಾರು 45 ಗಂಟೆಯಲ್ಲಿ ಕುಡಿದು ಮುಗಿಸುತ್ತೆ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನ ಮಿತಿ ಮಾತ್ರ 10 ಎಚ್.ಪಿ. ಅಂತ ಇದೆ, ಯುನಿಟ್ಟಿನಲ್ಲಿಲ್ಲ. ಮನೆಗೆ ಹಂಡೆಯ ಲೆಕ್ಕ, ತೋಟಕ್ಕೆ ನಲ್ಲಿಯ ಲೆಕ್ಕ.

"ದಿನಕ್ಕೆ ಇಷ್ಟು ಮೆಗಾವ್ಯಾಟ್ ಉತ್ಪಾದನೆ" ಅಂತ ಸುದ್ದಿಯಲ್ಲಿ ಬಂದರೆ ನನಗೆ ಈಗ ಮೈ ಉರಿಯುತ್ತೆ. ಮೆಗಾವ್ಯಾಟಿಗೆ ದಿನ ಇಲ್ಲ ಸ್ವಾಮಿ. ನಮ್ಮ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಯಂತ್ರಗಳಿವೆ, ಒಟ್ಟು 1,035 ಮೆಗಾವ್ಯಾಟ್. ಅದು ಸಾಮರ್ಥ್ಯ. ಹತ್ತೂ ಯಂತ್ರ 24 ಗಂಟೆ ಪೂರ್ತಿ ತಿರುಗಿದರೆ ದಿನಕ್ಕೆ ಸುಮಾರು 2.48 ಕೋಟಿ ಯುನಿಟ್. ಎಚ್.ಪಿ.ಯಲ್ಲಿ ಕೇಳುತ್ತೀರಾ? ಸುಮಾರು 13.9 ಲಕ್ಷ. ನಮ್ಮಂಥ ಮೋಟಾರುಗಳು ಎರಡೂಮುಕ್ಕಾಲು ಲಕ್ಷ.

ಜೋಗದ ಮುಂದೆ ನಿಂತಾಗ ನೆಂಟರು ಕೇಳುವ ಪ್ರಶ್ನೆ ಒಂದಿದೆ, "ಈ ನೀರಿನಲ್ಲಿ ಎಷ್ಟು ಕರೆಂಟ್ ತೆಗೀಬಹುದು?" ಈಗ ನನ್ನ ಹತ್ತಿರ ಉತ್ತರ ಇದೆ. ಸಾವಿರ ಲೀಟರಿನ ಕರಿ ಟ್ಯಾಂಕ್ ಗೊತ್ತಲ್ಲ, ತಾರಸಿ ಮೇಲೆ ಇಡೋದು. ಸೆಕೆಂಡಿಗೆ ಅಂಥ ಒಂದು ಟ್ಯಾಂಕಿನಷ್ಟು ನೀರು ಜೋಗದ 253 ಮೀಟರ್ ಬಿದ್ದರೆ, ಆ ಬೀಳುವಿಕೆಯಲ್ಲಿ 2,482 ಕಿಲೋವ್ಯಾಟ್ ಇದೆ. 665 ತೋಟದ ಮೋಟಾರುಗಳು. ಮಳೆಗಾಲದಲ್ಲಿ ರಾಜನೊಬ್ಬನೇ ಸೆಕೆಂಡಿಗೆ ಎಷ್ಟು ಟ್ಯಾಂಕ್ ಚೆಲ್ಲುತ್ತಾನೋ ನೋಡಿ, ನೀವೇ ಗುಣಿಸಿಕೊಳ್ಳಿ. ಅದಷ್ಟೂ ತಂತಿಗೆ ಬರಲ್ಲ ಅನ್ನುವುದು ಬೇರೆ ಮಾತು, ಟರ್ಬೈನು ತನ್ನ ಪಾಲು ಇಟ್ಟುಕೊಂಡೇ ಕೊಡುತ್ತೆ. ಜೋಗದ ಕೆಳಗಿನ ಹಳೇ ವಿದ್ಯುದಾಗಾರ, ಈಗ ಮಹಾತ್ಮ ಗಾಂಧಿ ಹೆಸರಿನದು, 1948ರಲ್ಲಿ ಶುರುವಾಯಿತು. ಮೊದಲು 120 ಮೆಗಾವ್ಯಾಟ್ ಇದ್ದದ್ದು ಈಗ 139.2.

ಇದೇ ಲೆಕ್ಕವನ್ನು ಚಿಕ್ಕದು ಮಾಡಿ ಮನೆ ಹಿಂದೆ ಇಟ್ಟುಕೊಂಡವರೂ ಮಲೆನಾಡಿನಲ್ಲಿ ಇದ್ದಾರೆ. ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ಇಳಿಸಿ, ಕೆಳಗೆ ಒಂದು ಪುಟ್ಟ ಟರ್ಬೈನ್ ಕೂರಿಸಿದರೆ ಆಯಿತು. 10 ಮೀಟರ್ ಎತ್ತರ, ಸೆಕೆಂಡಿಗೆ 20 ಲೀಟರ್ ಇದ್ದರೆ ನೀರಿನಲ್ಲಿ ಎರಡು ಕಿಲೋವ್ಯಾಟ್ ಇರುತ್ತೆ, ಕೈಗೆ ಅರ್ಧ, ಅಂದರೆ ಒಂದು ಕಿಲೋವ್ಯಾಟ್ ಸಿಗುತ್ತೆ. ಒಂದೇನಾ ಅನ್ನಬೇಡಿ. ಅದು ಮಳೆಗಾಲ ಪೂರ್ತಿ ರಾತ್ರಿ ಹಗಲು ಓಡುತ್ತೆ, ದಿನಕ್ಕೆ 24 ಯುನಿಟ್. ಬೇಸಿಗೆಯಲ್ಲಿ ಅಬ್ಬಿ ಬತ್ತಿದರೆ ಟರ್ಬೈನಿನ ಮೇಲೆ ಗೋಣಿಚೀಲ ಮುಚ್ಚಿಡುವುದು. ತೋಟಕ್ಕೆ ನೀರು ಬೇಕಾದಾಗ ಅದೂ ಇಲ್ಲ, ಅದೇ ಬೇಜಾರು.

ಶಿವಮೊಗ್ಗದ ಭಾವನ ಕಥೆ ಇನ್ನೊಂದು. ಅವರು ಮಹಡಿಗೆ ಎಸಿ ಹಾಕಿಸಿದರು, ಒಂದೂವರೆ ಟನ್. ಈ ಗಲಾಟೆ ಕೇಳಿ ಒಂದು ದಿನ ಫೋನ್ ಮಾಡಿ, "ಏನೋ, ಟನ್ ಅಂದ್ರೆ ತೂಕನಾ? ಗೋಡೆ ತಡೆಯುತ್ತಾ?" ಅಂದರು. ತಮಾಷೆಗೆ ಕೇಳಿದ್ದು ಅಂದುಕೊಂಡೆ, ಅಲ್ಲ. ತೂಕವೇ ಭಾವ, ಆದರೆ ಎಸಿಯದಲ್ಲ, ಐಸಿನದು. ಮೆಷಿನ್ ಬರುವ ಮುಂಚೆ ಅಮೆರಿಕದಲ್ಲಿ ಐಸಿನ ಗಡ್ಡೆ ಇಟ್ಟು ತಂಪು ಮಾಡುತ್ತಿದ್ದರು. ಅಲ್ಲಿನ ಒಂದು ಟನ್, ಅಂದರೆ 2,000 ಪೌಂಡ್ ಐಸು, 24 ಗಂಟೆಯಲ್ಲಿ ಕರಗಿ ಎಷ್ಟು ಬಿಸಿ ಹೀರುತ್ತೋ ಅದು ಒಂದು ಟನ್ ಎಸಿ. ಅದೇ ಗಂಟೆಗೆ 12,000 ಬಿಟಿಯು (ಬಿಸಿ ಅಳೆಯುವ ಬ್ರಿಟಿಷ್ ಅಳತೆ), ಅದೇ 3.517 ಕಿಲೋವ್ಯಾಟ್. ಒಂದೂವರೆಗೆ 18,000 ಬಿಟಿಯು, ಸುಮಾರು 5.3 ಕಿಲೋವ್ಯಾಟ್, ಏಳು ಎಚ್.ಪಿ.

"ಅಯ್ಯೋ! ಹಾಗಾದ್ರೆ ಗಂಟೆಗೆ ಐದು ಯುನಿಟ್ಟಾ?" ಅಂದರು ಭಾವ, ದನಿ ಏರಿತು.

ಇಲ್ಲ. ಇದೂ ರಿವೈಂಡಿಂಗ್ ಅಣ್ಣನ ಪ್ರಶ್ನೆಯೇ, ಯಾವ ತುದಿ ಅಂತ. 5.3 ಅನ್ನುವುದು ಕೋಣೆಯಿಂದ ಎತ್ತಿ ಹೊರಗೆ ಹಾಕುವ ಬಿಸಿ. ಎಸಿ ಬಿಸಿಯನ್ನು ಹುಟ್ಟಿಸಲ್ಲ, ಹೊತ್ತು ಸಾಗಿಸುತ್ತೆ ಅಷ್ಟೇ. ಹೊರುವ ಕೂಲಿಗೆ ಅದು ತೆಗೆದುಕೊಳ್ಳುವ ಕರೆಂಟ್ ಒಂದೂವರೆ ಕಿಲೋವ್ಯಾಟ್ ಆಸುಪಾಸು. ಅಡಿಕೆ ಚೀಲ ಹೊರುವವನು ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ಅಡಿಕೆಯನ್ನು ದಿನವಿಡೀ ಸಾಗಿಸುತ್ತಾನಲ್ಲ, ಹಾಗೆ. ಸೋಲಾರಿನವರು ಬಂದು ಟನ್ನನ್ನು ಕಿಲೋವ್ಯಾಟಿಗೆ ತಿರುಗಿಸಿ "ಆರು ಕಿಲೋವ್ಯಾಟ್ ಪ್ಯಾನೆಲ್ ಬೇಕು" ಅಂದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ ಅಂತ ಹೇಳಿದೆ.

ಇನ್ನು ಪಿ.ಎಂ.ಪಿ.ಒ. (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಂತ ಒಂದಿತ್ತು, ಹಳೇ ಟೇಪ್ ರೆಕಾರ್ಡರಿನ ಮೇಲೆ ಸಾವಿರಗಟ್ಟಲೆ ವ್ಯಾಟ್ ಅಂತ ಬರೆದಿರುತ್ತಿತ್ತು, ನಾಲ್ಕು ಬ್ಯಾಟರಿ ಶೆಲ್ಲಿನಲ್ಲಿ ಓಡುವ ಡಬ್ಬಕ್ಕೆ! ಅದನ್ನು ಯಾವ ವ್ಯಾಟಿಗೂ ತಿರುಗಿಸಲು ಆಗಲ್ಲ, ಬಿಟ್ಟುಬಿಡಿ.

ತೋಟದ ಕಥೆಗೆ ಬರುತ್ತೇನೆ. ಐದನೇ ದಿನವೂ ಲೈನ್ ಸರಿಯಾಗಲಿಲ್ಲ. 15 ಕೆವಿಎ ಬಾಡಿಗೆಗೆ ಸಿಗುತ್ತಾ ಅಂತ ನಾನು ಫೋನ್ ಹಿಡಿದುಕೊಂಡು ಸಿಗ್ನಲ್ ಬರುವ ಬೇಣದ ತಲೆಗೆ ಹತ್ತಿ ನಿಂತಿದ್ದೆ. ಕೆಳಗೆ ಅಪ್ಪಯ್ಯ ಮತ್ತು ಆ ಅಣ್ಣ ಕೊಟ್ಟಿಗೆಯ ಅಟ್ಟದ ಕೆಳಗಿಂದ ಏನನ್ನೋ ಎಳೆಯುತ್ತಿದ್ದರು. ಅಜ್ಜನ ಡೀಸೆಲ್ ಇಂಜಿನ್. ಕರೆಂಟ್ ಬರುವ ಮುಂಚೆ ತೋಟಕ್ಕೆ ಇದೇ ನೀರು ಹೊಡೆಯುತ್ತಿದ್ದದ್ದು. ಎರಡು ಕಡೆ ಗಾಡಿಯ ಚಕ್ರದಂಥ ದಪ್ಪ ಬೀಡಿನ ಫ್ಲೈವೀಲ್, ಮೇಲೆ ಕೋಳಿ ಕೂತು ಕೂತು ಬಿಳಿಯಾಗಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದಾಗ ಹಿತ್ತಾಳೆಯ ಪ್ಲೇಟ್ ಕಂಡಿತು. 6 ಬಿ.ಎಚ್.ಪಿ., 650 ಆರ್.ಪಿ.ಎಂ.

ಈ "ಬಿ" ಅಂದರೆ ಬ್ರೇಕ್. ಇಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ, ಅದು ತಿರುಗುತ್ತಿರುವಾಗಲೇ ಬ್ರೇಕ್ ಹಾಕಿದ ಹಾಗೆ ತಡೆದು, ಎಷ್ಟು ತಡೆಯಿತು ಅಂತ ತೂಕ ಕಟ್ಟಿ ಅಳೆದ ಶಕ್ತಿ. ಅಂದರೆ ಇದು ಚಕ್ರದಲ್ಲಿ ಕೈಗೆ ಸಿಗುವ ಎಚ್.ಪಿ. ಸೀದಾ ಬೆಲ್ಟ್ ಹಾಕಿ ಪಂಪಿಗೆ ಕೊಡಬಹುದು. ನಡುವೆ ಕರೆಂಟ್ ಇಲ್ಲ, ಪವರ್ ಫ್ಯಾಕ್ಟರ್ ಇಲ್ಲ, ಆರು ಪಟ್ಟು ಎಳೆತ ಇಲ್ಲ. ನಾನು ಅನುಮಾನ ಬಂದು ಮೂಲೆಯ ಜನರೇಟರಿನ ಹತ್ತಿರ ಹೋಗಿ ಅದರ ಇಂಜಿನ್ನಿನ ಪ್ಲೇಟ್ ಹುಡುಕಿದೆ. ಆಲ್ಟರ್ನೇಟರಿನ, ಅಂದರೆ ಕರೆಂಟ್ ಹುಟ್ಟಿಸುವ ಭಾಗದ ಪ್ಲೇಟನ್ನೇ ನೋಡಿ ದುಡ್ಡು ಕೊಟ್ಟವನು, ಇಂಜಿನ್ನಿನದ್ದು ನೋಡಿರಲೇ ಇಲ್ಲ. 10 ಎಚ್.ಪಿ. ಅಂತಿತ್ತು. ಹತ್ತು ಎಚ್.ಪಿ.ಯ ಇಂಜಿನ್ ಐದು ಎಚ್.ಪಿ.ಯ ಮೋಟಾರನ್ನು ಎಬ್ಬಿಸಲಾರದೆ ಕೂತಿದೆ. ಆರರದ್ದು ನೀರೆತ್ತಲು ಹೊರಟಿದೆ.

ಇಂಜಿನ್ ಶುರುವಾಗುವುದು ಅಷ್ಟು ಸುಲಭ ಆಗಲಿಲ್ಲ. ನಾಝಲ್ ಬಿಚ್ಚಿ ತೊಳೆದು, ಡೀಸೆಲ್ ಪೈಪ್ ಬದಲಿಸಿ, ಪಕ್ಕದ ಮನೆಯವರ ಹಳೇ ಪಂಪ್ ತಂದು ಕಟ್ಟಿ, ಬೆಲ್ಟ್ ಬಿಗಿದು, ಮಧ್ಯಾಹ್ನದ ಹೊತ್ತಿಗೆ ಹ್ಯಾಂಡಲ್ ತಿರುಗಿಸಲು ನಿಂತೆವು. ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿಯುವುದು ಅಪ್ಪಯ್ಯ, ಹ್ಯಾಂಡಲ್ ನಾನು. ಫ್ಲೈವೀಲ್ ನಿಧಾನಕ್ಕೆ ವೇಗ ಹಿಡಿಯುತ್ತೆ, ಹಿಡಿಯುತ್ತೆ, ಅಪ್ಪಯ್ಯ ಲಿವರ್ ಬಿಟ್ಟರು. ಟಗ್. ಆಮೇಲೆ ಏನಿಲ್ಲ. ಮತ್ತೆ. ಮೂರನೇ ಸಲ ಟಗ್, ಟಗ್, ಟಗ್ ಅಂತ ಶುರುವಾಗಿ, ಹೊಗೆಕೊಳವೆಯಿಂದ ಹಕ್ಕಿಗೂಡಿನ ಕಸ ಹಾರಿತು. ಅಪ್ಪಯ್ಯ ನಕ್ಕಿದ್ದನ್ನು ಆ ವಾರದಲ್ಲಿ ಅದೇ ಮೊದಲು ನೋಡಿದ್ದು.

ನೀರು ಮೇಲೆ ಬಂದಿದೆಯಾ ಅಂತ ನೋಡಲು ನಾನು ತೋಟದ ತಲೆಗೆ ಓಡಿದೆ. ಬಂದಿತ್ತು. ಹಳ್ಳದಿಂದ ಅಲ್ಲಿಗೆ 30 ಮೀಟರ್ ಏರು. ಔಷಧಿ ಕಲೆಸುವ 200 ಲೀಟರಿನ ಡ್ರಮ್ ಅಲ್ಲೇ ಇತ್ತು. ತಡೆಯಲಾಗಲಿಲ್ಲ, ಪೈಪನ್ನು ಅದಕ್ಕೆ ತಿರುಗಿಸಿ ಗಡಿಯಾರ ಒತ್ತಿದೆ. 40 ಸೆಕೆಂಡಿಗೆ ತುಂಬಿತು. ಸೆಕೆಂಡಿಗೆ 5 ಲೀಟರ್, 30 ಮೀಟರ್, ಅಂದರೆ 150. ಅದನ್ನು 75ರಿಂದ ಭಾಗಿಸಿದರೆ 2. ನೀರಿಗೆ ಸೇರುತ್ತಿರುವುದು ಬರೀ ಎರಡು ಎಚ್.ಪಿ. ಇಂಜಿನ್ನಿಗೆ ಗಂಟೆಗೆ ಒಂದು ಲೀಟರ್ ಡೀಸೆಲ್ ಹೋಗುತ್ತೆ ಅಂತ ಇಟ್ಟುಕೊಂಡರೆ, ಒಂದು ಲೀಟರಿನಲ್ಲಿ ಸುಮಾರು 10 ಯುನಿಟ್ಟಿನಷ್ಟು ಶಕ್ತಿ ಇದೆ. 10 ಕಿಲೋವ್ಯಾಟ್ ಸುರಿದು ಒಂದೂವರೆ ಕಿಲೋವ್ಯಾಟ್ ನೀರಿಗೆ ಮುಟ್ಟುತ್ತಿದೆ. ಉಳಿದ ಎಂಟೂವರೆ ಎಲ್ಲಿ? ಹೊಗೆಗೆ ಎಷ್ಟು, ಸಿಲಿಂಡರ್ ತಂಪು ಮಾಡುವ ನೀರಿಗೆ ಎಷ್ಟು, ಬೆಲ್ಟಿಗೆ ಎಷ್ಟು, ಪಂಪಿಗೆ ಎಷ್ಟು, ಪೈಪಿನ ಉಜ್ಜಾಟಕ್ಕೆ ಎಷ್ಟು ಅಂತ ಅಡಿಕೆ ಹಾಳೆಯ ಮೇಲೆ ಕಡ್ಡಿಯಿಂದ ಗೀಚುತ್ತಾ ಕೂತೆ.

ಕೆಳಗಿಂದ ಅಪ್ಪಯ್ಯನ ಕೂಗು ಕೇಳಿಸಿತು, ಇಂಜಿನ್ನಿನ ಸದ್ದಿನ ಮೇಲೆ.

"ಡ್ರಮ್ ತುಂಬಿ ದರೆ ಕುಸೀತಾ ಇದ್ಯೋ, ಪೈಪ್ ಜೆಟ್ಟಿಗೆ ತಿರುಗ್ಸೋ ಮಾರಾಯ!"